ಹಳದಿ ತಂತಿ ಮತ್ತು ಗಟ್ಟಿಮೇಳ

ನಮ್ಮ ಕಾರಿನ ಸ್ಟೀರಿಯೊ ಪ್ರತಿಯೊಂದು ರಸ್ತೆ ಉಬ್ಬಿನಲ್ಲೂ ಗಟ್ಟಿಮೇಳ ಬಾರಿಸತೊಡಗಿ ಒಂದೂವರೆ ವರ್ಷವಾಗಿತ್ತು. ಕಾರಿನ ಜೊತೆಯಲ್ಲೇ ಬಂದಿದ್ದ, ಅಂಗಡಿಯವರ ಮಾತಿನಲ್ಲಿ 'ಕಂಪನಿ ಸೆಟ್' ಎನಿಸಿಕೊಳ್ಳುವ ಆ ಪೆಟ್ಟಿಗೆಯೊಳಕ್ಕೆ ನಾದಿನಿಯ ಮದುವೆಯ ಓಡಾಟದ ದಿನಗಳಲ್ಲಿ ಮಾವನವರು ನಾಗಸ್ವರದ ಸಿ.ಡಿ.ಯೊಂದನ್ನು ತೂರಿಸಿದ್ದರು. ಮದುವೆ ಮುಗಿಯಿತು, ನಾದಿನಿ ಗಂಡನ ಮನೆಗೆ ಹೊರಟಳು, ಸಿ.ಡಿ. ಮಾತ್ರ ಹೊರಗೆ ಬರಲಿಲ್ಲ. ಅಂದಿನಿಂದ ಕಾರಿನ ಚಕ್ರ ಎಲ್ಲಿಯಾದರೂ ಎಗರಿ ಬಿದ್ದರೆ ಸಾಕು, ಒಳಗಿನ ಯಾವುದೋ ಪುಟ್ಟ ಸ್ವಿಚ್ಚು ಹೊಸ ಸಿ.ಡಿ. ಬಂದಿತೆಂದು ಭ್ರಮಿಸಿ, ನಡೆಯುತ್ತಿದ್ದ ವಾರ್ತೆಯನ್ನೋ ಭಾವಗೀತೆಯನ್ನೋ ಅರ್ಧಕ್ಕೆ ತುಂಡರಿಸಿ, ಡೋಲಿನ ಬಡಿತವನ್ನು ಆರಂಭಿಸುತ್ತಿತ್ತು. ಆ ಸಿ.ಡಿ.ಯ ಮೊದಲನೆಯ ಭಾಗವೇ ಗಟ್ಟಿಮೇಳವಾಗಿದ್ದುದು ನಮ್ಮ ಗ್ರಹಚಾರ.

ನಾನು ಭೌತಶಾಸ್ತ್ರ ಪಾಠ ಹೇಳುವ ಪದವಿಪೂರ್ವ ಕಾಲೇಜಿಗೂ ಮೈಸೂರಿನ ನಮ್ಮ ಮನೆಗೂ ನಡುವೆ 14 ಉಬ್ಬುಗಳಿವೆ. ಹೋಗಿ ಬರುವಷ್ಟರಲ್ಲಿ ದಿನಕ್ಕೆ 28 ಮಾಂಗಲ್ಯಧಾರಣೆಗಳಿಗೆ ಸಾಕ್ಷಿಯಾಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು; ಆರಂಭದಲ್ಲಿ ಪಕ್ಕದಲ್ಲಿ ಕುಳಿತವರ ತಲೆಯ ಮೇಲೆ ಅಕ್ಷತೆ ಹಾಕಬೇಕೆಂದು ತುಡಿಯುತ್ತಿದ್ದ ಕೈ ಕ್ರಮೇಣ ಸುಮ್ಮನಾಯಿತು. ಆದರೆ ಕಳೆದ ಮಾಘ ಮಾಸದಲ್ಲಿ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡಾಗ, ಅಂತಿಮ ದರ್ಶನಕ್ಕೆಂದು ಕಾಲೇಜಿನ ಮೂವರು ಉಪನ್ಯಾಸಕರನ್ನು ಕೂರಿಸಿಕೊಂಡು ಹೋದವನು ಅವರ ಮನೆಯ ಎದುರಿಗೇ ಇದ್ದ ಉಬ್ಬನ್ನು ಗಮನಿಸಲಿಲ್ಲ. ಕಿಟಕಿಯ ಗಾಜುಗಳು ಇಳಿದಿದ್ದವು. ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದ ನಾಲ್ವರು ಕೈಯಲ್ಲಿದ್ದ ಹುರಿಯನ್ನು ಹಾಗೆಯೇ ಹಿಡಿದು ಒಟ್ಟಿಗೆ ತಲೆಯೆತ್ತಿ ನಮ್ಮ ಕಡೆ ನೋಡಿದರು. ಸ್ಟೀರಿಯೊ ಬದಲಾಯಿಸುವ ನಿರ್ಧಾರವನ್ನು ನಾನು ಆ ನೋಟ ಮುಗಿಯುವುದರೊಳಗೆ ಮಾಡಿದ್ದೆ.

ಮಾರ್ಚ್ ಕೊನೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದಾಗ ಒಂದು ಸಂಜೆ ಜೆ.ಸಿ. ರಸ್ತೆಗೆ ಹೋದೆ. ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಲು ಅದೇ ರಸ್ತೆಯಲ್ಲಿ ಎಷ್ಟೋ ಸಲ ನಡೆದಿದ್ದರೂ, ಅಲ್ಲಿನ ಕಾರು ಸಾಮಗ್ರಿಗಳ ಅಂಗಡಿಯೊಂದರೊಳಗೆ ಕಾಲಿಟ್ಟಿದ್ದು ಅದೇ ಮೊದಲು. 9 ಇಂಚಿನ ಪರದೆಯುಳ್ಳ ಆಂಡ್ರಾಯ್ಡ್ ಸೆಟ್ಟಿಗೆ 11,000 ರೂಪಾಯಿ, ನಮ್ಮ ಕಾರಿನ ಡ್ಯಾಶ್‌ಬೋರ್ಡಿಗೆ ಹೊಂದುವ ಫ್ರೇಮಿಗೆ 900, ತಂತಿ ಕತ್ತರಿಸದೆ ಜೋಡಿಸುವ ಕಪ್ಲರಿಗೆ 400. ಪೆಟ್ಟಿಗೆಯ ಮೇಲೆ '50 ವ್ಯಾಟ್ x 4' ಎಂದು ಮುದ್ರಿಸಿದ್ದನ್ನು ಕಂಡು ನನ್ನೊಳಗಿನ ಉಪನ್ಯಾಸಕ ಎಚ್ಚೆತ್ತ. ಎಂಜಿನ್ ಓಡುತ್ತಿರುವಾಗಲೂ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್, ಸ್ಪೀಕರಿನ ರೋಧ 4 ಓಮ್, ಹೀಗಿರುವಾಗ ಒಂದೊಂದು ಸ್ಪೀಕರಿಗೆ ನಿಜವಾಗಿ ಸಿಗುವ ನಿರಂತರ ಶಕ್ತಿ 26 ವ್ಯಾಟನ್ನು ದಾಟಲಾರದು ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದೆ. ಅಂಗಡಿಯ ಹುಡುಗ ಅದನ್ನು ಗೌರವದಿಂದಲೇ ನೋಡಿ, "ಅದು ಬಾಕ್ಸ್ ಮೇಲಿನ ವ್ಯಾಟ್ ಸಾರ್, ಒಳಗಿನದು ಬೇರೆ" ಎಂದ. ಇಷ್ಟು ಪ್ರಾಮಾಣಿಕವಾದ ಉತ್ತರ ನನಗೆ ಆ ವಾರ ಯಾವ ಉತ್ತರಪತ್ರಿಕೆಯಲ್ಲಿಯೂ ಸಿಕ್ಕಿರಲಿಲ್ಲ.

ಜೋಡಣೆಗೆ 1,500 ರೂಪಾಯಿಯಾಗುತ್ತದೆಂದೂ, ಆದರೆ ಕಾರನ್ನು ಅಲ್ಲಿಗೇ ತರಬೇಕೆಂದೂ ಆತ ಹೇಳಿದ. ಎಷ್ಟು ಹೊತ್ತಿನ ಕೆಲಸವೆಂದು ಕೇಳಿದ್ದಕ್ಕೆ, "ಹತ್ತು ನಿಮಿಷ ಸಾರ್, ಕಪ್ಲರ್ ಟು ಕಪ್ಲರ್" ಎಂದು ಎರಡೂ ಕೈಗಳ ಬೆರಳುಗಳನ್ನು ಒಂದಕ್ಕೊಂದು ಹೆಣೆದು ತೋರಿಸಿದ. ಹತ್ತು ನಿಮಿಷಕ್ಕೆ 1,500 ರೂಪಾಯಿ ಎಂದರೆ ಗಂಟೆಗೆ 9,000. ಇಪ್ಪತ್ತೆರಡು ವರ್ಷಗಳಿಂದ ಓಮನ ನಿಯಮವನ್ನು ಪಾಠ ಹೇಳುತ್ತ ಬಂದಿರುವ ನನಗೆ ಅಂಥ ಸಂಬಳವನ್ನು ಯಾರೂ ಕೊಟ್ಟಿಲ್ಲ. ಆ 1,500 ರೂಪಾಯಿಯನ್ನು ಉಳಿಸುವ ಹಕ್ಕು ನನಗೆ ನ್ಯಾಯವಾಗಿಯೇ ಸಲ್ಲಬೇಕೆಂದು ತೋರಿತು.

ಮೊದಲನೆಯ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಆರಂಭವಾಯಿತು. ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕೆಂದು ಎಲ್ಲ ವಿಡಿಯೊಗಳೂ ಹೇಳುತ್ತವೆ. ಕಳಚುವುದಕ್ಕೆ 10 ನಂಬರಿನ ಸ್ಪ್ಯಾನರ್ ಬೇಕು. ನಮ್ಮ ಸ್ಪ್ಯಾನರ್ ಸೆಟ್ಟಿನಲ್ಲಿ 8, 9, 11, 12 ಎಲ್ಲವೂ ಇದ್ದವು, 10ರ ಜಾಗ ಮಾತ್ರ ಬಿದ್ದ ಹಲ್ಲಿನಂತೆ ಖಾಲಿಯಾಗಿತ್ತು. ಕೀಲಿಯನ್ನು ತೆಗೆದುಬಿಟ್ಟರೆ ಸಾಕೆಂದು ನನಗೆ ನಾನೇ ಹೇಳಿಕೊಂಡೆ. ತರಗತಿಯಲ್ಲಿ ಹೀಗೆ ಉತ್ತರಿಸಿದ ಹುಡುಗನಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಡ್ಯಾಶ್‌ಬೋರ್ಡಿನ ಮುಖಫಲಕ ಸ್ಕ್ರೂಗಳ ಬಲದಿಂದ ನಿಂತಿರುವುದಿಲ್ಲ, ಅದರ ಬೆನ್ನಿಗಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಕಚ್ಚಿಕೊಂಡು ನಿಂತಿರುತ್ತವೆ. ಅದನ್ನು ಎಬ್ಬುವುದಕ್ಕೆ ಗೀರು ಬೀಳಿಸದ ಚಪ್ಪಟೆಯಾದ ಸಲಕರಣೆಯೊಂದು ಬೇಕಾಗುತ್ತದೆ. ನಾನು ಅಡುಗೆಮನೆಗೆ ಹೋಗಿ, ನಾನ್‌ಸ್ಟಿಕ್ ಕಾವಲಿಯ ಮೇಲೆ ದೋಸೆ ಮಗುಚುವ ಮರದ ಕೈಯನ್ನು ಸದ್ದಿಲ್ಲದೆ ತಂದೆ. ಅದನ್ನು ಫಲಕದ ಅಂಚಿಗೆ ತೂರಿಸಿ ಮೆಲ್ಲನೆ ಎಳೆದಾಗ ಏನೂ ಆಗಲಿಲ್ಲ. ಸ್ವಲ್ಪ ಜೋರಾಗಿ ಎಳೆದಾಗಲೂ ಆಗಲಿಲ್ಲ. ಆಮೇಲೆ ನಾನು ಇನ್ನೂ ಎಳೆಯುವ ಮೊದಲೇ 'ಟಪ್' ಎಂಬ ಸದ್ದಾಯಿತು. ಕ್ಲಿಪ್ಪು ಬಿಟ್ಟುಕೊಂಡ ಸದ್ದಿಗೂ ಮುರಿದ ಸದ್ದಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಏಳು ಸಲ 'ಟಪ್' ಎಂದಿತು. ಐದು ಕ್ಲಿಪ್ಪುಗಳು ಬಿಟ್ಟುಕೊಂಡಿದ್ದವು, ಒಂದು ಮುರಿದಿತ್ತು, ಏಳನೆಯದು ದೋಸೆಯ ಕೈ. ಅಷ್ಟರಲ್ಲಿ ಒಳಗಿನಿಂದ, "ರೀ, ಮರದ ಕೈ ನೋಡಿದ್ರಾ?" ಎಂಬ ಪ್ರಶ್ನೆ ಕೇಳಿಬಂದಿತು. ನೋಡುತ್ತಲೇ ಇದ್ದೆನಾದರೂ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

ಫಲಕದ ಹಿಂದೆ ಸೆಟ್ಟನ್ನು ಹಿಡಿದಿದ್ದ ನಾಲ್ಕು ಸ್ಕ್ರೂಗಳಲ್ಲಿ ಮೂರು ನನ್ನ ಅಂಗೈಗೆ ಬಂದವು, ನಾಲ್ಕನೆಯದು ಡ್ಯಾಶ್‌ಬೋರ್ಡಿನ ಒಳಗಿನ ಪಾತಾಳಕ್ಕೆ ಜಾರಿತು. ಅದು ಎಲ್ಲಿ ಬಿದ್ದಿತೆಂಬುದು ನನಗೆ ಇಂದಿಗೂ ಗೊತ್ತಿಲ್ಲ, ಎಲ್ಲೆಲ್ಲಿ ಓಡಾಡುತ್ತದೆಂಬುದು ಮಾತ್ರ ಗೊತ್ತು: ಎಡತಿರುವಿನಲ್ಲಿ ಬಲಕ್ಕೆ ಉರುಳುತ್ತದೆ, ಬಲತಿರುವಿನಲ್ಲಿ ಎಡಕ್ಕೆ. ಜಡತ್ವದ ನಿಯಮವನ್ನು ಅಷ್ಟು ನಿಷ್ಠೆಯಿಂದ ಪಾಲಿಸುವ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಇಲ್ಲಿಯವರೆಗೆ ನಡೆದದ್ದು ಕೇವಲ ದೇಹಶ್ರಮ. ಸೆಟ್ಟನ್ನು ಹೊರಗೆಳೆದು ಅದರ ಬೆನ್ನಿಗಿದ್ದ ಕಪ್ಲರನ್ನು ಬಿಡಿಸಿ, ಹೊಸ ಕಪ್ಲರನ್ನು ಅದಕ್ಕೆ ಹಿಡಿದು ನೋಡಿದಾಗಲೇ ನನ್ನ ವಿದ್ಯೆಯ ಪರೀಕ್ಷೆ ಆರಂಭವಾದದ್ದು. ಅಂಗಡಿಯವರು ಕೊಟ್ಟದ್ದು ನಮ್ಮ ಕಾರಿನದೇ ಕಪ್ಲರ್, ಆದರೆ ಎರಡು ವರ್ಷ ಈಚಿನ ಮಾದರಿಯದು; ಅದಕ್ಕೂ ಇದಕ್ಕೂ ಜಾತಕ ಕೂಡಲಿಲ್ಲ. 400 ರೂಪಾಯಿಯ ವಸ್ತುವನ್ನು ಬದಲಾಯಿಸಲು ಸುಮಾರು 145 ಕಿ.ಮೀ. ದೂರದ ಬೆಂಗಳೂರಿಗೆ ಹೋಗುವುದೆಂತು? ಇದ್ದದ್ದು ಒಂದೇ ದಾರಿ. ಕಟಿಂಗ್ ಪ್ಲೈಯರ್ ತೆಗೆದುಕೊಂಡು ಕಾರಿನ ಕಡೆಯ ಕಪ್ಲರನ್ನು ಎರಡಂಗುಲ ತಂತಿಯ ಸಮೇತ ಕತ್ತರಿಸಿಬಿಟ್ಟೆ. ಯಾವ ತಂತಿ ಯಾವ ಸಂಖ್ಯೆಯ ಪಿನ್ನಿಗೆ ಹೋಗಿತ್ತೆಂದು ಮೊದಲು ಬರೆದಿಟ್ಟುಕೊಳ್ಳಬೇಕಿತ್ತು ಎಂಬ ಜ್ಞಾನೋದಯವಾದದ್ದು ಕತ್ತರಿಸಿದ ಮರುಕ್ಷಣದಲ್ಲಿ.

ಹೊಸ ಸೆಟ್ಟಿನ ಕಡೆಯ ತಂತಿಗಳಲ್ಲಿ ಗೊಂದಲವಿರಲಿಲ್ಲ. ಹೊರಗಿನಿಂದ ಕೊಳ್ಳುವ ಸೆಟ್ಟುಗಳಲ್ಲಿ ಬಣ್ಣಗಳ ಸಂಪ್ರದಾಯ ಬಹುಮಟ್ಟಿಗೆ ಒಂದೇ: ಬ್ಯಾಟರಿಯಿಂದ ನಿರಂತರವಾಗಿ ಬರುವ ವಿದ್ಯುತ್ತಿಗೆ ಹಳದಿ, ಕೀಲಿ ತಿರುಗಿಸಿದಾಗ ಮಾತ್ರ ಬರುವುದಕ್ಕೆ ಕೆಂಪು, ನೆಗೆಟಿವಿಗೆ ಕಪ್ಪು, ಮುಂದಿನ ಎಡ ಸ್ಪೀಕರಿಗೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಆದರೆ ಕಾರು ತಯಾರಿಸುವವರು ಈ ಸಂಪ್ರದಾಯಕ್ಕೆ ಬದ್ಧರಲ್ಲ, ಅವರವರ ಮನೆಯ ಪದ್ಧತಿ ಅವರವರಿಗೆ. ಕಾರಿನ ಕಡೆಯಿಂದ ಬಂದ ಹದಿಮೂರು ತಂತಿಗಳಲ್ಲಿ ಒಂದು ಹಳದಿಯಾಗಿತ್ತು. ಅದರ ಪಕ್ಕದಲ್ಲೇ, ಹಳದಿ ಕೊಳವೆಯೊಳಗೆ ಸುರಕ್ಷಿತವಾಗಿ ಸಾಗುತ್ತಿದ್ದ ಏರ್‌ಬ್ಯಾಗಿನ ತಂತಿಯನ್ನು ನಾನು ನಾಗರಕಲ್ಲಿಗೆ ಕೊಡುವಷ್ಟೇ ಮರ್ಯಾದೆ ಕೊಟ್ಟು ಮುಟ್ಟದೆ ಬಿಟ್ಟಿದ್ದೆ. ಆ ಒಂದು ವಿವೇಕ ನನಗಿತ್ತೆಂಬುದು ದಾಖಲಾಗಲಿ. ಉಳಿದ ಹಳದಿಗೆ ಹಳದಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಹೊಸೆದು ಟೇಪು ಸುತ್ತಿದೆ. ಕೀಲಿ ತಿರುಗಿಸಿದೆ. ಪರದೆ ಕತ್ತಲಾಗಿಯೇ ಇತ್ತು.

ಸಂಜೆಯಾದ್ದರಿಂದ ಒಳಗೆ ಸರಿಯಾಗಿ ಕಾಣಲೆಂದು ಕಾರಿನ ದೀಪ ಹಾಕಿದೆ. ಪರದೆ ಝಗ್ಗನೆ ಬೆಳಗಿ, ಸ್ವಾಗತದ ಸಂಗೀತ ನುಡಿಸಿ, ನನ್ನನ್ನು ಭಾಷೆ ಆರಿಸಿಕೊಳ್ಳಲು ಕೇಳಿತು. ದೀಪ ಆರಿಸಿದೆ, ಸೆಟ್ಟೂ ಆರಿತು. ಕಾರಿನ ಹಳದಿ ತಂತಿ ರಾತ್ರಿಯ ಹೊತ್ತು ಸ್ಟೀರಿಯೊದ ಗುಂಡಿಗಳಿಗೆ ಬೆಳಕು ಕೊಡುವ ತಂತಿಯೆಂಬುದು, ಅದು ಪಾರ್ಕಿಂಗ್ ದೀಪದ ಜೊತೆಗೆ ಮಾತ್ರ ಜೀವ ತಳೆಯುತ್ತದೆಂಬುದು ಆಗ ತಿಳಿಯಿತು. ಅಂದು ಮತ್ತೆ ಬಿಚ್ಚುವ ಚೈತನ್ಯ ನನ್ನಲ್ಲಿರಲಿಲ್ಲ. ಹೀಗಾಗಿ ಮುಂದಿನ ವಾರವಿಡೀ ನಾನು ಹಾಡು ಕೇಳಬೇಕಾದಾಗಲೆಲ್ಲ ಹಗಲಿನಲ್ಲೇ ದೀಪ ಹಾಕಿಕೊಂಡು ಓಡಾಡಿದೆ. 2017ರ ಏಪ್ರಿಲಿನಿಂದೀಚೆಗೆ ಹೊಸ ದ್ವಿಚಕ್ರ ವಾಹನಗಳ ದೀಪ ತಾನಾಗಿಯೇ ಸದಾ ಉರಿಯುತ್ತದಾದ್ದರಿಂದ ಅವುಗಳನ್ನು ಕಂಡು ಮರುಗುವುದನ್ನು ಜನ ಬಿಟ್ಟಿದ್ದಾರೆ, ಆದರೆ ಕಾರಿನ ವಿಷಯದಲ್ಲಿ ಅವರ ಕರುಣೆ ಬತ್ತಿಲ್ಲ. ಎದುರಿಗೆ ಬಂದವರೆಲ್ಲ ಐದೂ ಬೆರಳುಗಳನ್ನು ಮುಚ್ಚಿ ತೆರೆದು, 'ಲೈಟ್ ಆಫ್ ಮಾಡಿ' ಎಂದು ಸನ್ನೆ ಮಾಡುತ್ತಿದ್ದರು. ಒಬ್ಬ ಆಟೋ ಚಾಲಕರಂತೂ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತು ಬಾಯಿಬಿಟ್ಟೇ ಹೇಳಿದರು. ನಾನು ದೀಪವನ್ನು ಆರಿಸಿದೆ, ಹಾಡು ನಿಂತಿತು. ಅವರು ಕೃತಜ್ಞತೆಗೆ ಕಾಯುತ್ತಿದ್ದಂತೆ ತೋರಿದ್ದರಿಂದ ಕೈ ಮುಗಿದೆ. ಸಿಗ್ನಲ್ ಬಿಟ್ಟ ಮೇಲೆ ಪುನಃ ದೀಪ ಹಾಕಿದೆ.

ಎರಡನೆಯ ಭಾನುವಾರ ಕಾಲೇಜಿನ ಪ್ರಯೋಗಾಲಯದ ಮಲ್ಟಿಮೀಟರ್ ನಮ್ಮ ಮನೆಗೆ ಬಂದಿತು. ಕೀಲಿ ತೆಗೆದಿಟ್ಟಾಗಲೂ 12 ವೋಲ್ಟಿಗಿಂತ ಸ್ವಲ್ಪ ಹೆಚ್ಚು ತೋರಿಸುವ ತಂತಿಯೇ ನಿರಂತರ ವಿದ್ಯುತ್ತಿನದು ಎಂಬ ಸರಳ ತರ್ಕದಿಂದ ಹುಡುಕಿ, ಅದು ನೀಲಿ ಗೆರೆಯುಳ್ಳ ಬಿಳಿ ತಂತಿಯೆಂದು ಐದೇ ನಿಮಿಷದಲ್ಲಿ ಕಂಡುಹಿಡಿದೆ. ಆ ಸಂತೋಷದಲ್ಲಿ ಅದರ ತುದಿಯನ್ನು ಬ್ಲೇಡಿನಿಂದ ಹೆರೆಯತೊಡಗಿದೆ. 10 ನಂಬರಿನ ಸ್ಪ್ಯಾನರ್ ಇನ್ನೂ ಸಿಕ್ಕಿರಲಿಲ್ಲ, ಅಂದರೆ ಬ್ಯಾಟರಿ ಇನ್ನೂ ಜೋಡಣೆಯಲ್ಲೇ ಇತ್ತು. ಬ್ಲೇಡು ಪಕ್ಕದ ಕಬ್ಬಿಣದ ಪಟ್ಟಿಗೆ ತಗುಲಿ ಒಂದು ಕಿಡಿ ಹಾರಿತು, ಮಲ್ಟಿಮೀಟರ್ ಸೊನ್ನೆ ತೋರಿಸಿತು, ಮೇಲಿನ ಪುಟ್ಟ ದೀಪ ಆರಿತು, ಸೆಂಟ್ರಲ್ ಲಾಕ್ ಕೂಡ ಉಸಿರು ಬಿಟ್ಟಿತು. ಮೂರಕ್ಕೂ ಒಂದೇ ಫ್ಯೂಸ್ ಇಟ್ಟಿದ್ದವರು ಕುಟುಂಬವತ್ಸಲರಿರಬೇಕು.

ಫ್ಯೂಸ್ ಪೆಟ್ಟಿಗೆಯಿರುವುದು ಸ್ಟಿಯರಿಂಗಿನ ಕೆಳಗೆ, ಪೆಡಲ್ಲುಗಳ ಮೇಲುಗಡೆ. ಅದನ್ನು ನೋಡಬೇಕಾದರೆ ಸೀಟಿನ ಮೇಲೆ ಕಾಲು, ನೆಲದ ಮೇಲೆ ತಲೆ ಎಂಬ ಭಂಗಿಯಲ್ಲಿ ಮಲಗಬೇಕು. ಬಾಯಲ್ಲಿ ಟಾರ್ಚು ಕಚ್ಚಿ ಹಾಗೆ ಮಲಗಿದ್ದಾಗ ಎದುರು ಮನೆಯವರು ಬಂದು, ಬಾಗಿಲಿನಿಂದ ಹೊರಚಾಚಿದ್ದ ನನ್ನ ಪಾದಗಳನ್ನು ಉದ್ದೇಶಿಸಿ ಕಾಲೇಜಿನ ದಾಖಲಾತಿಯ ಬಗ್ಗೆ ಎರಡು ಪ್ರಶ್ನೆ ಕೇಳಿ ಹೋದರು. ಸುಟ್ಟದ್ದು ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್. ಹತ್ತಿರದ ಅಂಗಡಿಯಲ್ಲಿ 10ರ ಕೆಂಪು ಇತ್ತು, 20ರ ಹಳದಿ ಇತ್ತು, ನೀಲಿ ಇರಲಿಲ್ಲ. "20 ಹಾಕಿ ಸಾರ್, ಇನ್ನೂ ಸ್ಟ್ರಾಂಗು" ಎಂದು ಅಂಗಡಿಯವರು ಸಲಹೆಯಿತ್ತರು. ಬಲವಾದ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ತಂತಿಯೇ ಸುಡುತ್ತದೆಂದು ಅವರಿಗೆ ಪಾಠ ಹೇಳಿ, ಹಳದಿಯೆಂಬ ಬಣ್ಣದ ಮೇಲೆಯೇ ನನಗೆ ಹುಟ್ಟಿದ್ದ ಅಪನಂಬಿಕೆಯನ್ನು ಮಾತ್ರ ಹೇಳದೆ, ಬೇರೆ ಮೂರು ಅಂಗಡಿ ಸುತ್ತಿ ನೀಲಿಯನ್ನೇ ತಂದೆ. ಜೊತೆಗೆ 10 ನಂಬರಿನ ಸ್ಪ್ಯಾನರನ್ನೂ ತಂದೆ.

ಇಷ್ಟಾದ ಮೇಲೆ ಸೆಟ್ಟು ದೀಪದ ಹಂಗಿಲ್ಲದೆ ನಡೆಯತೊಡಗಿತಾದರೂ, ಕೇಳಿಬಂದ ಸಂಗೀತ ಎಡಬದಿಯೇ ಇಲ್ಲದ ಮೃದಂಗದಂತಿತ್ತು. ಮಾವನವರು ಹಿಂದಿನ ಸೀಟಿನಲ್ಲಿ ಕುಳಿತು ಇದನ್ನು ಮೊದಲು ಗುರುತಿಸಿದರು. ಅವರು ನಿವೃತ್ತ ಅಂಚೆ ನೌಕರರು. ರೇಡಿಯೊ ಇಟ್ಟುಕೊಳ್ಳುವವರು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಕಾಲದಲ್ಲಿ ಕೌಂಟರಿನ ಹಿಂದೆ ಕುಳಿತು ಆ ಪುಸ್ತಕಗಳಿಗೆ ಮುದ್ರೆಯೊತ್ತಿದವರಾದ್ದರಿಂದ, ರೇಡಿಯೊ ಸಂಬಂಧದ ಯಾವುದೇ ವಿಷಯದಲ್ಲಿ ಕೊನೆಯ ಮಾತು ತಮ್ಮದೆಂದು ಭಾವಿಸಿದ್ದಾರೆ. ಹೊಸ ಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದ ದಿನವೇ, "ಅಳಿಯಂದಿರೇ, ನಮ್ಮ ಕಾಲದಲ್ಲಾಗಿದ್ದರೆ ಇಷ್ಟು ದೊಡ್ಡದಕ್ಕೆ ಎರಡು ಲೈಸೆನ್ಸ್ ಕೇಳುತ್ತಿದ್ದೆ" ಎಂದಿದ್ದರು.

ಸಂಗೀತದ ತಳಬಲ ಹೋಗಿದ್ದಕ್ಕೆ ಕಾರಣ, ನಾಲ್ಕರಲ್ಲಿ ಒಂದು ಸ್ಪೀಕರಿಗೆ ನಾನು ಪ್ಲಸ್ ಮೈನಸ್ ತಿರುಗಿಸಿ ಕೊಟ್ಟದ್ದು. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ಮಂದ್ರದ ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ಯಾವುದು ತಿರುಗಿದೆಯೆಂದು ಪತ್ತೆ ಮಾಡುವ ಉಪಾಯ ಬಹಳ ಸೊಗಸಾದದ್ದು, ಇಡೀ ಪ್ರಕರಣದಲ್ಲಿ ನನಗೆ ನಿಜವಾದ ಖುಷಿ ಕೊಟ್ಟದ್ದು ಅದೊಂದೇ. ಸ್ಪೀಕರಿನ ಎರಡು ತಂತಿಗಳನ್ನು ಸೆಟ್ಟಿನಿಂದ ಬಿಡಿಸಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲಿಗೆ ಅರೆಕ್ಷಣ ತಾಗಿಸಬೇಕು. ಪ್ಲಸ್ಸಿಗೆ ಪ್ಲಸ್ ಸರಿಯಾಗಿದ್ದರೆ 'ಟಕ್' ಎಂದು ಸ್ಪೀಕರಿನ ಕಾಗದದ ಬಟ್ಟಲು ಹೊರಕ್ಕೆ ಜಿಗಿಯುತ್ತದೆ, ತಪ್ಪಾಗಿದ್ದರೆ ಒಳಕ್ಕೆ ಸರಿಯುತ್ತದೆ. ಮಾವನವರು ಓದುವ ಕನ್ನಡಕ ಹಾಕಿಕೊಂಡು, ಬಾಗಿಲಿನ ಜಾಲರಿಗೆ ಟಾರ್ಚ್ ಹಿಡಿದು, ಮೂಗನ್ನು ಸ್ಪೀಕರಿನಿಂದ ಎರಡಂಗುಲ ದೂರದಲ್ಲಿಟ್ಟು ಕುಕ್ಕರಗಾಲಿನಲ್ಲಿ ಕುಳಿತರು. ನಾನು ಒಳಗಿನಿಂದ ಸೆಲ್ ತಾಗಿಸುತ್ತಿದ್ದೆ. "ಹೊರಗೆ ಬಂತು." "ಹೊರಗೆ ಬಂತು." ಮೂರನೆಯ ಬಾಗಿಲಿನಲ್ಲಿ ಬಹಳ ಹೊತ್ತು ಮೌನ. "ಇದು ಸ್ವಲ್ಪ ನಾಚಿಕೊಂಡ ಹಾಗಿದೆ, ಇನ್ನೊಂದು ಸಲ ಮಾಡಿ" ಎಂದರು. ನಾಚಿಕೊಂಡದ್ದೇ ತಪ್ಪಿತಸ್ಥ.

ಹಿಂದು ಮುಂದು ಅದಲು ಬದಲಾಗಿದ್ದುದನ್ನು ಕಂಡುಹಿಡಿದವರೂ ಅವರೇ. ಮ್ಯಾಪಿನ ಹೆಣ್ಣುಧ್ವನಿ ಮುಂದಿನಿಂದ ಬರುವ ಬದಲು ಅವರ ಕಿವಿಯ ಪಕ್ಕದಲ್ಲೇ, "ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ" ಎಂದಾಗ ಅವರು ಬೆಚ್ಚಿಬಿದ್ದು, "ನನಗ್ಯಾಕಮ್ಮ ಹೇಳ್ತೀಯಾ, ಅವರಿಗೆ ಹೇಳು" ಎಂದುಬಿಟ್ಟರು.

ಎಲ್ಲವೂ ಸರಿಹೋಯಿತೆಂದುಕೊಂಡು ಎಂಜಿನ್ ಚಾಲೂ ಮಾಡಿದರೆ ಹಾಡಿನ ಹಿಂದೆ ಒಂದು ಸಣ್ಣ ಕೀರಲು ದನಿ. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತಿತ್ತು. ನಿಂತಲ್ಲಿ ಷಡ್ಜ, ಎರಡನೆಯ ಗೇರಿನಲ್ಲಿ ಪಂಚಮ, ಮೂರರಲ್ಲಿ ತಾರಸ್ಥಾಯಿ. ಗಾಯಕರು ಎಷ್ಟೇ ದೊಡ್ಡವರಾಗಿರಲಿ, ನನ್ನ ಬಲಗಾಲು ಹಿಡಿದ ಶ್ರುತಿಗೆ ಅವರು ಹಾಡುತ್ತಿರಲಿಲ್ಲವಾದ್ದರಿಂದ ಇಬ್ಬರಲ್ಲಿ ಒಬ್ಬರು ಅಪಸ್ವರವಾಗುವುದು ಅನಿವಾರ್ಯವಾಗಿತ್ತು. ಎಂಜಿನ್ನಿನ ಆಲ್ಟರ್ನೇಟರ್ ಉತ್ಪಾದಿಸುವ ವಿದ್ಯುತ್ತನ್ನು ಏಕಮುಖ ಮಾಡಿದ ಮೇಲೂ ಅದರಲ್ಲಿ ಉಳಿಯುವ ಸಣ್ಣ ಅಲೆಗಳೇ ಈ ಕೀರಲು; ನೆಗೆಟಿವ್ ತಂತಿ ಗಟ್ಟಿಯಾಗಿ ಬಾಡಿಗೆ ಕೂತಿಲ್ಲದಿದ್ದರೆ ಅವು ಸ್ಪೀಕರಿನವರೆಗೂ ಬರುತ್ತವೆ. ನಾನು ನೆಗೆಟಿವನ್ನು ಬಣ್ಣ ಬಳಿದ ಸ್ಕ್ರೂ ಒಂದಕ್ಕೆ ಸುತ್ತಿದ್ದೆ. ಎಮರಿ ಕಾಗದದಿಂದ ಲೋಹ ಬೆಳ್ಳಗಾಗುವವರೆಗೆ ಉಜ್ಜಿ ಬಿಗಿದ ಮೇಲೆ ಆ ತಂಬೂರಿ ನಿಂತಿತು.

ಉಳಿದದ್ದು ಎಫ್.ಎಂ. ಅದರಲ್ಲಿ ಮಳೆ ಸುರಿದಂಥ ಸದ್ದಿನ ನಡುವೆ ಯಾರೋ ದೂರದಲ್ಲಿ ಮುಳುಗುತ್ತ ಕೂಗಿದಂತೆ ವಾರ್ತೆ ಕೇಳುತ್ತಿತ್ತು. ನಾವಿರುವುದಾದರೋ ಮೈಸೂರಿನಲ್ಲಿ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದು, ಮುಂದೆ ಇಡೀ ದೇಶದ ಬಾನುಲಿಗೆ ಸಂದ 'ಆಕಾಶವಾಣಿ' ಎಂಬ ಹೆಸರು ಮೊದಲು ಚಾಲ್ತಿಗೆ ಬಂದದ್ದು ಇದೇ ಊರಿನಲ್ಲಿ. ಮನಶ್ಶಾಸ್ತ್ರದವರೊಬ್ಬರು ಮನೆಯಲ್ಲಿ ಬಾನುಲಿ ಕೇಂದ್ರವನ್ನೇ ಕಟ್ಟಿದ ಊರಿನಲ್ಲಿ, ಭೌತಶಾಸ್ತ್ರದವನೊಬ್ಬ ಕಾರಿನೊಳಗೆ ಅದನ್ನು ಕೇಳುವ ವ್ಯವಸ್ಥೆಯನ್ನೂ ಮಾಡಲಾರದೆ ಕುಳಿತಿದ್ದ. 100.6ಕ್ಕೆ ಇಟ್ಟು ಒಂದು ಗಂಟೆ ಹೆಣಗಿದ ನನ್ನನ್ನು ಕಂಡು ಮಾವನವರು, "ಯಾದವಗಿರಿಗೇ ಹೋಗೋಣ ಬನ್ನಿ. ಆಕಾಶವಾಣಿಯ ಗೇಟಿನ ಹತ್ತಿರ ನಿಂತರೆ ರೇಡಿಯೊ ಇಲ್ಲದೆಯೂ ಕೇಳಿಸಬಹುದು" ಎಂದರು. ಆಮೇಲೆ ತಿಳಿದದ್ದಿಷ್ಟು: ನಮ್ಮ ಕಾರಿನ ಆಂಟೆನಾದ ಬುಡದಲ್ಲಿ ಪುಟ್ಟ ಆಂಪ್ಲಿಫೈಯರೊಂದಿದೆ, ಅದಕ್ಕೂ 12 ವೋಲ್ಟ್ ಬೇಕು, ಅದನ್ನು ಕೊಡುವುದಕ್ಕೆಂದೇ ಹೊಸ ಸೆಟ್ಟಿನಲ್ಲಿ ಒಂದು ನೀಲಿ ತಂತಿ ಇದೆ, ಅದನ್ನು ನಾನು ಹೆಚ್ಚುವರಿಯೆಂದು ತೀರ್ಮಾನಿಸಿ ಟೇಪು ಸುತ್ತಿ ಮಡಚಿಟ್ಟಿದ್ದೆ. ಮೂರನೆಯ ಭಾನುವಾರ ಹೀಗೆ ಕಳೆಯಿತು. ಸ್ಟಿಯರಿಂಗಿನ ಗುಂಡಿಗಳಲ್ಲಿ ಧ್ವನಿ ಹೆಚ್ಚಿಸುವುದನ್ನು ಒತ್ತಿದರೆ ಈಗಲೂ ಸ್ಟೇಷನ್ ಬದಲಾಗುತ್ತದೆ; ಅದರೊಂದಿಗೆ ನಾನು ರಾಜಿಯಾಗಿದ್ದೇನೆ.

ಕಳಚಿದ ಕಂಪನಿ ಸೆಟ್ಟು ಈ ಮೂರು ವಾರವೂ ಜಗುಲಿಯ ಮೂಲೆಯಲ್ಲಿ, ಹೊಟ್ಟೆಯೊಳಗಿನ ಸಿ.ಡಿ.ಯ ಸಮೇತ ಬಿದ್ದಿತ್ತು. ಗುಜರಿಗೆ ಹಾಕೋಣವೆಂದು ನಾನು ಎತ್ತಿಕೊಂಡಾಗ ಮಾವನವರು ಅದನ್ನು ಕೈಯಿಂದ ಇಸಿದುಕೊಂಡು, ಧೂಳು ಒರೆಸಿ, ಅದರ ನೆತ್ತಿಯ ಮೇಲೆ ಅಂಟಿಸಿದ್ದ ಚೀಟಿಯೊಂದನ್ನು ಕನ್ನಡಕದ ಹತ್ತಿರ ಹಿಡಿದರು. ಅದರಲ್ಲಿ ಕಪ್ಲರಿನ ಚಿತ್ರವಿತ್ತು. ಪ್ರತಿಯೊಂದು ಪಿನ್ನಿಗೂ ಒಂದೊಂದು ಸಂಖ್ಯೆ, ಪ್ರತಿ ಸಂಖ್ಯೆಯ ಮುಂದೆಯೂ ಅದರ ಕೆಲಸ: ಬ್ಯಾಟರಿ, ಕೀಲಿ, ದೀಪ, ನೆಗೆಟಿವ್, ಆಂಟೆನಾ, ನಾಲ್ಕು ಸ್ಪೀಕರುಗಳ ಪ್ಲಸ್ಸು ಮೈನಸ್ಸುಗಳು. ನಾನು ಒಂದು ಸುಟ್ಟ ಫ್ಯೂಸು, ಒಂದು ದೋಸೆಯ ಕೈ ಮತ್ತು ಮೂರು ಭಾನುವಾರಗಳನ್ನು ತೆತ್ತು ಕಲಿತದ್ದೆಲ್ಲವೂ ಎರಡಂಗುಲದ ಆ ಚೀಟಿಯಲ್ಲಿ ಅಚ್ಚಾಗಿತ್ತು.

"ವಿಳಾಸ ಮೇಲೆಯೇ ಬರೆದಿದೆಯಲ್ಲ, ಅಳಿಯಂದಿರೇ" ಎಂದರು ಮಾವನವರು, ಬೇಸರವೇನೂ ಇಲ್ಲದೆ.

ನಾನು ಕತ್ತರಿಸಿ ಎಸೆದಿದ್ದ ಎರಡಂಗುಲ ತಂತಿಯ ಕಪ್ಲರ್ ಸ್ಕ್ರೂಗಳ ಡಬ್ಬಿಯಲ್ಲಿತ್ತು. ಅವರು ಚೀಟಿಯನ್ನು ಓದಿ ಹೇಳುತ್ತ ಹೋದರು, ನಾನು ಜೋಡಿಸುತ್ತ ಹೋದೆ. ಹಿತ್ತಲಿನ ಬಾಗಿಲ ಪಕ್ಕದಲ್ಲಿರುವ ಇನ್ವರ್ಟರಿನ ಬ್ಯಾಟರಿಯೂ 12 ವೋಲ್ಟಿನದೇ. ಅಟ್ಟದ ಮೇಲಿದ್ದ ಹಳೆಯ ಟೇಪ್‌ರೆಕಾರ್ಡರಿನ ಎರಡು ಸ್ಪೀಕರುಗಳು ಇಳಿದುಬಂದವು. ಬಟ್ಟೆ ಒಣಗಿಸುವ ತಂತಿಯೇ ಆಂಟೆನಾ ಆಯಿತು. ಮುಗಿದ ಮೇಲೆ ಗಡಿಯಾರ ನೋಡಿದೆ. ಹತ್ತು ನಿಮಿಷವಾಗಿತ್ತು.

ಈಗ ಪ್ರತಿದಿನ ಬೆಳಿಗ್ಗೆ ಮಾವನವರು ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು, ಕಾಫಿಯ ಲೋಟ ಹಿಡಿದು, ಕಂಪನಿ ಸೆಟ್ಟಿನಲ್ಲಿ ವಾರ್ತೆ ಕೇಳುತ್ತಾರೆ. ಅದು ಕಾರಿನಲ್ಲಿದ್ದಾಗ ಎಂದೂ ಇಷ್ಟು ಸ್ಪಷ್ಟವಾಗಿ ಕೇಳಿದ್ದಿಲ್ಲ. ಮೊನ್ನೆ ನಾನು ಹಲ್ಲುಜ್ಜುತ್ತ ಅಲ್ಲಿಯೇ ನಿಂತಿದ್ದೆ. ಜಲಾಶಯಗಳ ನೀರಿನ ಮಟ್ಟವನ್ನು ಓದುತ್ತಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ನೀರು ತುಂಬಿದ ಬಕೆಟ್ಟನ್ನು ತಂದು ಒಗೆಯುವ ಕಲ್ಲಿನ ಮೇಲೆ ಧೊಪ್ಪನೆ ಇಟ್ಟಳು, ಕೃಷ್ಣರಾಜಸಾಗರದ ನೀರು ಎಷ್ಟು ಅಡಿಗೆ ಬಂದಿತ್ತೆಂಬುದು ತಿಳಿಯುವ ಮೊದಲೇ ಡೋಲು ಗುಡುಗಿತು, ಮಾವನವರು ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಲ್ಲಿ ಇಲ್ಲದ ಅಕ್ಷತೆಯನ್ನು ಬಕೆಟ್ಟಿನ ಕಡೆಗೆ ಹಾಕಿದರು.